ಮಲೆನಾಡಿನ ತೇವದಲ್ಲಿ ರಿಬೌಂಡ್ ಹ್ಯಾಮರ್: ದೀರ್ಘ ಬಳಕೆಯ ಅನುಭವ

ಪಿಲ್ಲರನ್ನು ಒಡೆಯದೆ, ಕೊರೆಯದೆ ಅದರ ಗಟ್ಟಿತನ ಅಂದಾಜು ಮಾಡಬೇಕಾದಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ರಿಬೌಂಡ್ ಹ್ಯಾಮರನ್ನೇ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆಯ ಹಳೆಯ ಆರ್‌ಸಿಸಿ ಕಟ್ಟಡಗಳಲ್ಲಿ ವರ್ಷಗಳಿಂದ ಬಳಸುತ್ತಿದ್ದೇನೆ. ಒಳ್ಳೆಯ ಸಾಧನ. ಆದರೆ ಮಲೆನಾಡಿನಲ್ಲಿ ಇದು ಕೊಡುವ ಅಂಕಿಯನ್ನು ಹಾಗೆಯೇ ವರದಿಗೆ ಇಳಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಕೆಲಸ ಸರಳ. ಗಿಲಾವು ತೆಗೆದು, ಕಾರ್ಬೊರಂಡಮ್ ಕಲ್ಲಿನಿಂದ ಮೇಲ್ಮೈ ಉಜ್ಜಿ, ಹ್ಯಾಮರಿನ ತುದಿಯ ಕಂಬಿಯಾದ ಪ್ಲಂಜರನ್ನು ಮೇಲ್ಮೈಗೆ ಲಂಬವಾಗಿ ಒತ್ತಬೇಕು. ಒಳಗಿನ ಸ್ಪ್ರಿಂಗ್ ಬಿಗಿದು ಕೊಂಡಿ ಕಳಚುತ್ತದೆ, ಉಕ್ಕಿನ ತೂಕ ಬಡಿದು ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪುಟಿಯಿತು ಎಂಬುದೇ ಅಳತೆ. ಇದು ತಿಳಿಸುವುದು ಮೇಲ್ಮೈಯಿಂದ ಸುಮಾರು 30 ಮಿಲಿಮೀಟರ್ ಆಳದವರೆಗಿನ ಸಂಗತಿ ಮಾತ್ರ. ಅಂದಾಜಿನಲ್ಲಿ ಶೇ 25ರಷ್ಟು ಹೆಚ್ಚು ಕಡಿಮೆಯಾಗಬಹುದು ಎಂದು ಭಾರತೀಯ ಮಾನಕವಾದ ಐಎಸ್ 13311 ಸಂಹಿತೆಯೇ ಹೇಳಿತ್ತು. ಆ ವಿಷಯಗಳು ಈಗ ಐಎಸ್ 516ರ 5ನೇ ಭಾಗದಲ್ಲಿವೆ.

ತೀರ್ಥಹಳ್ಳಿಯ ಅಡಿಕೆ ಬೆಳೆಗಾರರೊಬ್ಬರ ಮನೆ. "ಇನ್ನೊಂದು ಮಹಡಿ ಏರಿಸಬಹುದಾ, ನೋಡಿ ಹೇಳಿ" ಎಂದರು. ಒಂದೇ ಕಾಲದಲ್ಲಿ ಎರಕ ಹೊಯ್ದ ಪಿಲ್ಲರುಗಳು. ಮಳೆ ಹೊಡೆಯುವ ಪಡುವಣ ಬದಿಯದ್ದು ಪಾಚಿ ಕಟ್ಟಿ ಕಪ್ಪಾಗಿತ್ತು, ಅಳತೆ ಕಡಿಮೆ ಬಂತು. ಅಡುಗೆಮನೆಯ ಒಳಗಿನದ್ದು ಒಣಗಿ ನಿಂತಿತ್ತು, ಅಳತೆ ಎತ್ತರ. ಎರಡನ್ನೂ ನಂಬುವಂತಿರಲಿಲ್ಲ. ತೇವವಾದ ಕಾಂಕ್ರೀಟು ಒಣಗಿದ್ದಕ್ಕಿಂತ ಶೇ 20ರವರೆಗೆ ಕಡಿಮೆ ತೋರಿಸಬಲ್ಲದು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊಕ್ಕು ಗಟ್ಟಿಯಾದ ಹಳೆಯ ಮೇಲ್ಮೈ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ; ವಿಪರೀತ ಸಂದರ್ಭದಲ್ಲಿ ಶೇ 50ರವರೆಗೂ. ಒಳಗಿನ ಪಿಲ್ಲರಿನ ಮೂಲೆಯ ಚೂರು ಎಬ್ಬಿಸಿ, ಹೊಸ ಮುಖಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸಿದೆ; ಇಂಗಾಲದ ಡೈಆಕ್ಸೈಡ್ ಹೊಗದ, ಕ್ಷಾರ ಉಳಿದಿರುವ ಕಾಂಕ್ರೀಟನ್ನು ಗುಲಾಬಿ ಮಾಡುವ ದ್ರಾವಣ ಇದು. ಒಳಭಾಗ ಗುಲಾಬಿಯಾಯಿತು, ಹೊರಗಿನ ಪದರ ಬಣ್ಣವಿಲ್ಲದೆ ಉಳಿಯಿತು. ಬಣ್ಣ ಏರದ ಆ ಪದರವೇ ಅಳತೆಯನ್ನು ಎತ್ತರಿಸಿತ್ತು.

ಇಂಥ ಕಡೆ ಶ್ರವಣಾತೀತ (ಅಲ್ಟ್ರಾಸಾನಿಕ್) ತರಂಗವನ್ನು ಕಾಂಕ್ರೀಟಿನ ಮೂಲಕ ಹಾಯಿಸಿ ಅದರ ವೇಗ ಅಳೆಯುವ ಪರೀಕ್ಷೆ ಜೊತೆಗಿರಬೇಕು. ತೇವ ಹ್ಯಾಮರಿನ ಅಳತೆಯನ್ನು ಇಳಿಸಿದರೆ ತರಂಗದ ವೇಗವನ್ನು ಏರಿಸುತ್ತದೆ. ಹಾಗಾಗಿ ಎರಡನ್ನೂ ಜೋಡಿಸಿ ನೋಡಿದಾಗ ತೇವದ ದೋಷ ಬಹುಮಟ್ಟಿಗೆ ತಗ್ಗುತ್ತದೆ. ಅನುಮಾನ ಉಳಿದರೆ ಕೋರ್, ಅಂದರೆ ಕೊರೆದು ತೆಗೆದ ಕಾಂಕ್ರೀಟಿನ ಉರುಳೆಯಾಕಾರದ ಮಾದರಿ, ತೆಗೆಸಲೇಬೇಕು. ಆ ಮನೆಯವರಿಗೂ ಕೋರ್ ಫಲಿತಾಂಶ ಬರುವ ತನಕ ಮಹಡಿಯ ಮಾತು ಬೇಡ ಎಂದೆ.

ಸಾಧನದ ಬಾಳಿಕೆಯ ಬಗ್ಗೆ ದೂರಿಲ್ಲ. ಸಿಮೆಂಟಿನ ದೂಳು ಪ್ಲಂಜರಿನ ಸಂದಿಗೆ ಸೇರುತ್ತದೆ, ಪ್ರತಿ ಕೆಲಸದ ನಂತರ ಒರೆಸಬೇಕು. ಮಳೆಗಾಲದಲ್ಲಿ ಪೆಟ್ಟಿಗೆಯ ಚಿಲಕಕ್ಕೆ ತುಕ್ಕು ಹಿಡಿಯಿತು. ತಯಾರಕರು ಇಲ್ಲಿ ಕೈ ಬಿಗಿ ಮಾಡಬಾರದಿತ್ತು. ಸ್ಪ್ರಿಂಗ್ ಸೋತಿರುವುದು ಕಣ್ಣಿಗೆ ಕಾಣದು. ಹ್ಯಾಮರನ್ನು ಪರೀಕ್ಷಿಸಲೆಂದೇ ಇರುವ ಉಕ್ಕಿನ ಅಡಿಗಲ್ಲಿನ (ಆನ್ವಿಲ್) ಮೇಲೆ ಹೊಡೆದಾಗ ಸುಮಾರು 80 ಬರಬೇಕು; ಬಾರದಿದ್ದರೆ ಸರ್ವಿಸ್‌ಗೆ ಕಳಿಸಿ. ಸ್ಲ್ಯಾಬಿನ ಅಡಿಯಿಂದ ಮೇಲ್ಮುಖವಾಗಿ ಹೊಡೆದ ಅಳತೆ ಹೆಚ್ಚು ಬರುತ್ತದೆ, ಅಳತೆಯಿಂದ ಗಟ್ಟಿತನ ತಿಳಿಸುವ ನಕ್ಷೆಗಳಲ್ಲಿ ಆ ದಿಕ್ಕಿನದ್ದನ್ನೇ ನೋಡಬೇಕು.

ಒಂದೇ ಕಟ್ಟಡದ ಒಣ ಪಿಲ್ಲರುಗಳನ್ನು ಪರಸ್ಪರ ಹೋಲಿಸಿ, ಯಾವುದು ಸೊರಗಿದೆ ಎಂದು ಹುಡುಕಲು ಇದಕ್ಕಿಂತ ಚುರುಕಾದ ದಾರಿ ನನಗೆ ಸಿಕ್ಕಿಲ್ಲ. ಕೊಳ್ಳುವವರು ಅಡಿಗಲ್ಲನ್ನೂ ಜೊತೆಗೇ ಕೊಳ್ಳಿ. ನಮ್ಮ ಕಡೆ ಬೇಸಿಗೆಯಲ್ಲಿ ಅಳೆಯಿರಿ.