ಗೇಟ್‌ವೇಯೋ, ಭಾವುಚಾ ಧಕ್ಕಾವೋ?

ಅಕ್ಕನ ಮನೆ ಅಲಿಬಾಗ್‌ನಲ್ಲಿ. ಮುಂಬೈಯಿಂದ ರಸ್ತೆ ಹಿಡಿದರೆ ಪನ್ವೇಲ್, ಪೇಣ್ ಅಂತ ಸುತ್ತಬೇಕು, ಟ್ರಾಫಿಕ್ ಸಿಕ್ಕಿದರೆ ಅರ್ಧ ದಿನ ಹೋದ ಹಾಗೆಯೇ. ಕಡಲು ದಾಟಿದರೆ ಅಲಿಬಾಗ್ ಕಡೆಯ ದಡ ಮಾಂಡ್ವಾಕ್ಕೆ ಒಂದು ತಾಸು. ಗೇಟ್‌ವೇ ಆಫ್ ಇಂಡಿಯಾದಿಂದಲೂ ಹೋಗಿದ್ದೇನೆ, ಮಜಗಾಂವ್‌ನ ಭಾವುಚಾ ಧಕ್ಕಾದಿಂದಲೂ ಹೋಗಿದ್ದೇನೆ. ದೋಣಿ ನಿಲ್ಲುವ ಕಟ್ಟೆಗೆ ನಮ್ಮೂರಲ್ಲಿ ದಕ್ಕೆ ಅನ್ನುತ್ತೇವೆ, ಅದೇ ಇಲ್ಲಿ ಧಕ್ಕಾ. ಮರಾಠಿಯಲ್ಲಿ ಭಾವು ಎಂದರೆ ಅಣ್ಣ. ಅಮ್ಮನ ಬಾಯಲ್ಲಿ ಮಾತ್ರ ಅದು ಇವತ್ತಿಗೂ 'ಭಾವನ ದಕ್ಕೆ'.

ಒಬ್ಬನೇ ಹೊರಟರೆ ಗೇಟ್‌ವೇಯೇ ಸರಿ. ಚರ್ಚ್‌ಗೇಟ್, ಸಿಎಸ್‌ಎಂಟಿ ಎರಡೂ ರೈಲು ನಿಲ್ದಾಣಗಳು ಹತ್ತಿರ, ಒಂದು ದೋಣಿ ತಪ್ಪಿದರೆ ಇನ್ನೊಂದು ಸಿಗುತ್ತದೆ, ಟಿಕೆಟ್‌ನಲ್ಲೇ ಮಾಂಡ್ವಾದಿಂದ ಅಲಿಬಾಗ್‌ವರೆಗಿನ ಬಸ್ಸೂ ಸೇರಿರುತ್ತದೆ. ಚಳಿಗಾಲದಲ್ಲಿ ಕಡಲಹಕ್ಕಿಗಳು ಕುರುಕಲಿನ ಆಸೆಗೆ ದೋಣಿಯ ಬೆನ್ನು ಹತ್ತುತ್ತವೆ. ಎಲಿಫೆಂಟಾಕ್ಕೂ ಇಲ್ಲಿಂದಲೇ ದೋಣಿ, ಆದರೆ ಸೋಮವಾರ ಗುಹೆಗಳಿಗೆ ರಜೆ. 2024ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಸ್ಪೀಡ್‌ಬೋಟ್ ಎಲಿಫೆಂಟಾ ದೋಣಿಗೆ ಡಿಕ್ಕಿ ಹೊಡೆದು ಜನ ಸತ್ತರಲ್ಲ, ಆಮೇಲೆ ನಾನು ಲೈಫ್ ಜಾಕೆಟ್ ಹಾಕದೆ ಕೂತದ್ದಿಲ್ಲ, ಸೆಖೆಯಾದರೆ ಆಗಲಿ.

ಅಮ್ಮ ಜೊತೆಗಿದ್ದರೆ ಮಾತೇ ಬೇರೆ. ಒಮ್ಮೆ ಅವಳನ್ನು ಗೇಟ್‌ವೇಗೆ ಕರೆದೊಯ್ದಾಗ ನೀರು ಇಳಿದಿತ್ತು, ಕೊನೆಯ ಮೆಟ್ಟಿಲುಗಳಲ್ಲಿ ಪಾಚಿ. ಒಂದಕ್ಕೊಂದು ತಾಗಿಸಿ ಕಟ್ಟಿದ್ದ ದೋಣಿಗಳಲ್ಲಿ ನಮ್ಮದು ಮೂರನೆಯದು, ಮೊದಲೆರಡನ್ನು ಹಾದೇ ಹೋಗಬೇಕು. ನಡುವೆ ತೂಗಿಬಿಟ್ಟ ಹಳೇ ಟೈರು ಕಿರ್ರೆನ್ನುತ್ತದೆ, ಸಂದು ಈಗ ಗೇಣು, ಮರುಕ್ಷಣ ಮೊಳ. ದೋಣಿಯ ಖಲಾಸಿ ಅಮ್ಮನ ರಟ್ಟೆ ಹಿಡಿದು ಅಲೆ ನೋಡಿ "ಆಯಿ, ಆತಾ!" (ಅಮ್ಮಾ, ಈಗ!) ಅಂದ. ಅಮ್ಮ ಸೆರಗು ಸಿಕ್ಕಿಸಿ ದಾಟಿಯೇಬಿಟ್ಟಳು. ಆಮೇಲೆ ತುಳುವಿನಲ್ಲಿ ಬೈದದ್ದು ನನಗೆ, ಖಲಾಸಿಗಲ್ಲ.

ಅಂದಿನಿಂದ ಅಮ್ಮನಿಗೆ ಭಾವನ ದಕ್ಕೆಯೇ ಗಟ್ಟಿ. 2020ರ ಮಾರ್ಚ್‌ನಲ್ಲಿ ಇಲ್ಲಿಂದ ಮಾಂಡ್ವಾಕ್ಕೆ ರೋ-ರೋ ಹಡಗು ಶುರುವಾಯಿತು. ಕಾರನ್ನೇ ಹೊಟ್ಟೆಯೊಳಗೆ ಓಡಿಸಿಕೊಂಡು ಹೋಗಬಹುದು, ಮಂಡಿನೋವಿನವರಿಗೆ ಜಿಗಿದಾಟವಿಲ್ಲ. ಮಳೆಗಾಲದಲ್ಲಿ ಗೇಟ್‌ವೇಯ ಮಾಂಡ್ವಾ ದೋಣಿಗಳು ನಿಂತಾಗಲೂ, ಕಡಲು ತೀರಾ ಕೆರಳದಿದ್ದರೆ, ಇದು ಹೊರಡುತ್ತದೆ. ದರ ಜಾಸ್ತಿ, ದಿನಕ್ಕಿರುವ ಟ್ರಿಪ್ಪುಗಳು ಕಡಿಮೆ, ಹಾರ್ಬರ್ ಲೈನಿನ ಡಾಕ್‌ಯಾರ್ಡ್ ರೋಡ್‌ನಲ್ಲಿ ಇಳಿದು ಗೋದಾಮುಗಳ ನಡುವೆ ಟ್ಯಾಕ್ಸಿ ಹಿಡಿಯುವ ಕರ್ಮ ಬೇರೆ. ಪಕ್ಕದಿಂದಲೇ ಉರಣ್ ಕಡೆಯ ಮೋರಾಕ್ಕೆ ಹಳೇ ಲಾಂಚುಗಳು ಹೋಗುತ್ತವೆ. ಒಮ್ಮೆ ಹತ್ತಿದ್ದೆ. ಆ ದಡದಲ್ಲಿ ಹೂಳು, ಇಳಿತದ ಹೊತ್ತಿಗೆ ಲಾಂಚು ಹತ್ತಿರ ಹೋಗುವುದೇ ಕಷ್ಟ. 2024ರಿಂದ ಉರಣ್‌ಗೆ ರೈಲೇ ಇದೆ, ಆಮೇಲೆ ನಾನು ಆ ಲಾಂಚಿನ ಕಡೆ ತಲೆ ಹಾಕಿಲ್ಲ.

ಮೀನಿಗೆ? ಎಲ್ಲರೂ ಕೊಲಾಬಾದ ಸಸೂನ್ ಡಾಕ್ ಅನ್ನುತ್ತಾರೆ. 1875ರ ಕಲ್ಲುಕಟ್ಟಡ, ನೋಡುವಂಥದ್ದೇ. ಬೆಳಗಿನ ಐದಕ್ಕೆ ಹೋದರೆ ಬುಟ್ಟಿಗಳು ದೋಣಿಯಿಂದ ಕೈಯಿಂದ ಕೈಗೆ ಹಾರಿ ಬರುತ್ತವೆ, ಸಾಲಾಗಿ ಕೂತ ಹೆಂಗಸರ ಬೆರಳಲ್ಲಿ ಸಿಗಡಿಯ ಸಿಪ್ಪೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಿಡುತ್ತದೆ. ಆದರೆ ಅಲ್ಲಿ ನಡೆಯುವುದು ಸಗಟು ಏಲಂ. ಒಂದು ಕಿಲೋ ಬಂಗುಡೆ ಕೇಳಿ ನಿಂತ ನನ್ನನ್ನು, ತಲೆ ಮೇಲೆ ಬುಟ್ಟಿ ಹೊತ್ತವರು ನಾಲ್ಕು ಸಲ ಬದಿಗೆ ಸರಿಸಿದರು. ಕ್ಯಾಮೆರಾ ತೆಗೆದರೆ ಇನ್ನೂ ಸಿಟ್ಟು. ಮನೆಮಟ್ಟಿಗೆ ಕೊಳ್ಳಲು ಭಾವುಚಾ ಧಕ್ಕಾವೇ ವಾಸಿ. ಮೀನು ಮಾರುವ ಹೆಂಗಸರ ಹತ್ತಿರ "ಮಾವ್ಶಿ, ಸರಿಯಾಗಿ ಹೇಳಿ" ಅಂತ ಚೌಕಾಸಿ ಮಾಡಿದರೆ ಬೈದುಕೊಂಡಾದರೂ ಕೊಡುತ್ತಾರೆ. ಜೂನ್, ಜುಲೈಯಲ್ಲಿ ಮಾತ್ರ ಎರಡೂ ಕಡೆ ಹೋಗಬೇಡಿ, ಟ್ರಾಲರುಗಳಿಗೆ ನಿಷೇಧ.

ಕಳೆದ ಸಲ ರೋ-ರೋ ಹತ್ತುವ ಮುಂಚೆ ಅಮ್ಮ ಅಲ್ಲೇ ಎರಡು ಕಿಲೋ ಬಂಗುಡೆ ಕೊಂಡು, ಐಸ್ ಹಾಕಿಸಿ, ಕಾರಿನ ಡಿಕ್ಕಿಯಲ್ಲಿ ಇಟ್ಟಳು. ಮೀನಿನೂರಾದ ಅಲಿಬಾಗ್‌ಗೆ ಮೀನು ಒಯ್ಯುವವರನ್ನು ನೋಡಿದ್ದು ಇದೇ ಮೊದಲು ಅಂತ ಅಕ್ಕ ನಕ್ಕಳು. ಅಮ್ಮ ಕೇಳಿಸಿದರೂ ಕೇಳಿಸದವಳ ಹಾಗೆ ಕತ್ತಿ ಎಲ್ಲಿಟ್ಟಿದ್ದೀ ಅಂದಳು.