ಬುದ್ಧಿ ಹಲ್ಲು ಕೀಳಿಸುವ ಮುಂಚೆ ಓದಿ: ‘ಸ್ವಲ್ಪ ತಡ್ಕೊಳ್ಳಿ’ ಅಂದರೆ ತಡೆದುಕೊಳ್ಳಬೇಡಿ

ಬುದ್ಧಿ ಹಲ್ಲು ಕೀಳಿಸಲು ಹೊರಟಿರುವವರಿಗೆ ಮೊದಲೇ ಒಂದು ಮಾತು. ಇಂಜೆಕ್ಷನ್ ಕೊಟ್ಟ ಮೇಲೆ ಒತ್ತಿದ ಹಾಗೆ, ಎಳೆದ ಹಾಗೆ, ದವಡೆ ಅಲ್ಲಾಡಿಸಿದ ಹಾಗೆ ಅನ್ನಿಸುತ್ತದೆ. ಅದು ಸಹಜ. ಆದರೆ ಚುಚ್ಚುವ ನೋವು, ಕಿವಿಯವರೆಗೆ ಝಿಲ್ಲೆಂದು ಹತ್ತುವ ನೋವು ಆಗಬಾರದು. ಆಯಿತು ಅಂದರೆ ಜಾಗ ಇನ್ನೂ ಮರಗಟ್ಟಿಲ್ಲ ಅಂತ ಅರ್ಥ. ಆಗ ಡಾಕ್ಟರ್ ಕೈ ನಿಲ್ಲಿಸಬೇಕು. ‘ಸ್ವಲ್ಪ ತಡ್ಕೊಳ್ಳಿ, ಆಗೋಯ್ತು’ ಅನ್ನುವುದು ಚಿಕಿತ್ಸೆ ಅಲ್ಲ.

ನನಗೆ ಸಿಕ್ಕಿದ್ದು ಅದೇ ಮಾತು. ದಾವಣಗೆರೆಯ ಒಂದು ಕ್ಲಿನಿಕ್, ಹೆಸರು ಬೇಡ. ನನ್ನ ಬಲಗಡೆ ಕೆಳಗಿನ ಬುದ್ಧಿ ಹಲ್ಲು ಅರ್ಧ ಮಾತ್ರ ಹೊರಗೆ ಬಂದಿತ್ತು. ಇನ್ನರ್ಧದ ಮೇಲೆ ವಸಡು ಟೋಪಿ ಹಾಕಿದಂತೆ ಕೂತಿತ್ತು. ಆ ಟೋಪಿಯ ಕೆಳಗೆ ಮಂಡಕ್ಕಿ ಚೂರು ಸೇರಿಕೊಳ್ಳುವುದು, ಬ್ರಷ್ ಅಲ್ಲಿಗೆ ತಲುಪದೇ ಇರುವುದು, ಊದುವುದು, ಇಳಿಯುವುದು, ಮತ್ತೆ ಊದುವುದು. ಇದಕ್ಕೆ ಪೆರಿಕೊರೊನೈಟಿಸ್ ಅನ್ನುತ್ತಾರೆ. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಬರುವ ಹಲ್ಲು ಇದು. ಅಷ್ಟು ಹೊತ್ತಿಗೆ ಎಷ್ಟೋ ಜನರ ದವಡೆಯಲ್ಲಿ ಜಾಗವೇ ಉಳಿದಿರುವುದಿಲ್ಲ. ಹಾಗಾಗಿ ಅಡ್ಡ ಮಲಗುತ್ತದೆ, ಇಲ್ಲವೇ ಮುಂದಿನ ಹಲ್ಲಿಗೆ ಒರಗಿಕೊಂಡು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ನಾನು ಹೋದಾಗ ಕೆನ್ನೆ ಊದಿತ್ತು. ಬಾಯಿ ಎರಡು ಬೆರಳಗಲ ಕೂಡ ಸರಿಯಾಗಿ ತೆರೆಯುತ್ತಿರಲಿಲ್ಲ. ಒಂದು ಸಣ್ಣ ಎಕ್ಸ್‌ರೇ ತೆಗೆದರು. ‘ಇವತ್ತೇ ತೆಗೆದುಬಿಡೋಣ, ಇಲ್ಲಾಂದ್ರೆ ಮತ್ತೆ ಮತ್ತೆ ಬರಬೇಕಾಗುತ್ತೆ’ ಅಂದರು. ನನಗೆ ಚಿಕ್ಕಂದಿನಿಂದ ಹಲ್ಲಿನ ಕುರ್ಚಿ ಅಂದರೆ ಭಯ ಅಂತ ಹೇಳಿದೆ. ‘ಇಷ್ಟು ದೊಡ್ಡವರಾಗಿ ಹೆದರ್ತೀರಾ?’ ಅಂತ ನಕ್ಕರು. ಅಲ್ಲಿಗೆ ಆ ವಿಷಯ ಮುಗಿಯಿತು.

ಸೂಜಿ ಚುಚ್ಚಿದರು. ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು, ಕೈ ನಡುಗಿತು. ಭಯಕ್ಕೆ ಹೀಗಾಗುತ್ತಿದೆ ಅಂದುಕೊಂಡೆ. ಆಮೇಲೆ ಬೇರೆ ಡಾಕ್ಟರ್ ಹೇಳಿದ್ದು: ಮರಗಟ್ಟಿಸುವ ಲಿಗ್ನೋಕೇನ್ ಜೊತೆ ಸಾಮಾನ್ಯವಾಗಿ ಸ್ವಲ್ಪ ಅಡ್ರಿನಲಿನ್ ಬೆರೆಸಿರುತ್ತಾರೆ. ರಕ್ತ ಕಡಿಮೆ ಬರಲಿ, ಔಷಧಿ ಜಾಸ್ತಿ ಹೊತ್ತು ನಿಲ್ಲಲಿ ಅಂತ. ಅದರಿಂದಲೂ ಎದೆ ಬಡಿತ ಏರುತ್ತದೆ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಈ ಒಂದು ವಾಕ್ಯವನ್ನು ಮೊದಲೇ ಹೇಳಿದ್ದರೆ ನನ್ನ ಅರ್ಧ ಗಾಬರಿ ಕಡಿಮೆ ಆಗುತ್ತಿತ್ತು.

ನನ್ನ ತುಟಿ ಅಂಚಿನಲ್ಲಿ ಮಾತ್ರ ಜುಮ್ಮೆನ್ನುತ್ತಿತ್ತು, ನಾಲಿಗೆ ಮರಗಟ್ಟದೆ ಚೆನ್ನಾಗಿಯೇ ಇತ್ತು. ಯಾರೂ ಚುಚ್ಚಿ ನೋಡಲಿಲ್ಲ, ಕೇಳಲಿಲ್ಲ. ವಸಡು ಕೊಯ್ದರು. ಅದು ಪೂರ್ತಿ ಗೊತ್ತಾಯಿತು. ಬಾಯಿ ತುಂಬ ಕೈ, ಪೈಪು, ಕನ್ನಡಿ. ‘ಊಂ ಊಂ’ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ‘ಅದು ಪ್ರೆಶರ್ ಅಷ್ಟೇ, ಪೇನ್ ಅಲ್ಲ’ ಅಂದರು. ನೋವು ನನ್ನ ಬಾಯಲ್ಲಿ, ತೀರ್ಪು ಅವರದು! ಮೂಳೆ ಕೊರೆಯುವ ಡ್ರಿಲ್ಲಿನ ಸದ್ದು ತಲೆಬುರುಡೆಯ ಒಳಗಿನಿಂದಲೇ ಬರುತ್ತಿತ್ತು. ಸಹಾಯಕ ಹುಡುಗಿ ನನ್ನ ಹಣೆ ಒತ್ತಿ ಹಿಡಿದಿದ್ದಳು. ಅವಳ ಗ್ಲೌಸ್ ನನ್ನ ಬೆವರಿಗೆ ಜಾರುತ್ತಿತ್ತು. ಮಧ್ಯೆ ಬೇರು ಮುರಿಯಿತು. ಅದನ್ನು ಹುಡುಕುತ್ತಾ ಇನ್ನಷ್ಟು ಹೊತ್ತು. ಕುರ್ಚಿಯ ಕೈಯನ್ನು ಎಷ್ಟು ಬಿಗಿ ಹಿಡಿದಿದ್ದೆ ಅಂದರೆ ಎದ್ದ ಮೇಲೆ ಬೆರಳು ಬಿಚ್ಚಲು ಆಗಲಿಲ್ಲ.

ಬೇರು ಮುರಿಯುವುದು ತಪ್ಪಲ್ಲ, ಒಳ್ಳೆಯ ಸರ್ಜನ್ ಕೈಯಲ್ಲೂ ಮುರಿಯುತ್ತದೆ. ಊತ ಇದ್ದಾಗ ಕೀಳುವುದೂ ಎಲ್ಲಾ ಸಲ ತಪ್ಪಲ್ಲ, ಕೀವು ತುಂಬಿದ್ದರೆ ಬೇಗ ತೆಗೆಯಲೇಬೇಕಾಗಬಹುದು. ನನ್ನ ದೂರು ಬೇರೆ. ಊದಿದ ಜಾಗದಲ್ಲಿ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ ಅನ್ನುವುದು ಹಲ್ಲಿನ ಡಾಕ್ಟರಿಗೆ ಗೊತ್ತಿರುವ ವಿಷಯ. ಸೋಂಕು ಇದ್ದ ಕಡೆ ಆಮ್ಲದ ಅಂಶ ಜಾಸ್ತಿ ಇರುತ್ತದೆ. ಅಂಥ ಕಡೆ ಔಷಧಿ ನರದ ಒಳಗೆ ನುಗ್ಗುವುದು ಕಷ್ಟ. ಗೊತ್ತಿದ್ದೂ ಮುಂದುವರಿದರು. ನಿಲ್ಲಿಸಿ ಇನ್ನೊಂದು ಇಂಜೆಕ್ಷನ್ ಕೊಡಬಹುದಿತ್ತು. ಸುಮ್ನೆ ಹತ್ತು ನಿಮಿಷ ಕಾಯಬಹುದಿತ್ತು. ಏನೂ ಆಗದಿದ್ದರೆ ವಸಡಿನ ಕೆಳಗೆ ತೊಳೆದು, ಬೇಕಿದ್ದರೆ ಆ್ಯಂಟಿಬಯೋಟಿಕ್ ಕೊಟ್ಟು, ಊತ ಇಳಿದ ಮೇಲೆ ಬನ್ನಿ ಅನ್ನಬಹುದಿತ್ತು. ಲಿಗ್ನೋಕೇನ್ ಮಾರುಕಟ್ಟೆಗೆ ಬಂದಿದ್ದು 1948ರಲ್ಲಿ. ಇಷ್ಟು ವರ್ಷ ಆದ ಮೇಲೂ ಹಲ್ಲಿನ ಕುರ್ಚಿಯಲ್ಲಿ ನೋವು ನುಂಗಿಕೊಂಡು ಕೂರುವುದು ಏಕೆ?

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ಕಳಿಸುವಾಗ ‘ಇವತ್ತು ರಾತ್ರಿಯಿಂದಲೇ ಬಿಸಿ ಉಪ್ಪುನೀರಲ್ಲಿ ಚೆನ್ನಾಗಿ ಮುಕ್ಕಳಿಸಿ’ ಅಂದರು. ಹಾಗೇ ಮಾಡಿದೆ. ಇದು ತಪ್ಪು ಸಲಹೆ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರಬೇಕು. ಒಳಗಿನ ಮೂಳೆಗೆ ಅದೇ ಮುಚ್ಚಳ. ಮೊದಲ 24 ಗಂಟೆ ಮುಕ್ಕಳಿಸುವಂತಿಲ್ಲ, ಜೋರಾಗಿ ಉಗುಳುವಂತಿಲ್ಲ, ಸ್ಟ್ರಾದಲ್ಲಿ ಹೀರುವಂತಿಲ್ಲ. ಉಪ್ಪುನೀರು ಮಾರನೇ ದಿನದಿಂದ, ಅದೂ ಬಾಯಲ್ಲಿ ಇಟ್ಟುಕೊಂಡು ತಲೆ ಆಚೆ ಈಚೆ ವಾಲಿಸಿ ಮೆಲ್ಲಗೆ ಬಿಡುವುದು ಅಷ್ಟೇ.

ಕಿತ್ತ ಮೇಲಿನ ನೋವು ದಿನದಿಂದ ದಿನಕ್ಕೆ ಕಡಿಮೆ ಆಗುತ್ತಾ ಹೋಗಬೇಕು. ಸ್ವಲ್ಪ ಕಡಿಮೆ ಆಗಿ, 2ರಿಂದ 4ನೇ ದಿನದ ಒಳಗೆ ಇದ್ದಕ್ಕಿದ್ದಂತೆ ಏರಿದರೆ ಅದು ಡ್ರೈ ಸಾಕೆಟ್ ಇರಬಹುದು. ಹೆಪ್ಪು ಕಳಚಿ ಮೂಳೆ ಬಯಲಾಗಿರುತ್ತದೆ. ನನಗೆ ಆಗಿದ್ದು ಅದೇ. ಕಿವಿ, ಕೆನ್ನೆ, ತಲೆಯ ಒಂದು ಭಾಗ ಪೂರ್ತಿ ಸಿಡಿಯುತ್ತಿತ್ತು. ಬಾಯಿಂದ ಕೆಟ್ಟ ವಾಸನೆ. ಮಾತ್ರೆ ನುಂಗಿದರೂ ರಾತ್ರಿ ನಿದ್ದೆ ಇಲ್ಲ. ಮುಕ್ಕಳಿಸಿದ್ದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ, ಕಷ್ಟಪಟ್ಟು ಕಿತ್ತ ಹಲ್ಲಿಗೂ ಹೀಗಾಗುವುದುಂಟು. ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಿಗೆ ಸಾಧ್ಯತೆ ಜಾಸ್ತಿ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ‘ನಾರ್ಮಲ್, ಇನ್ನೊಂದು ಪೇನ್‌ಕಿಲ್ಲರ್ ತಗೊಳ್ಳಿ’ ಅಂದರು.

ತಮ್ಮ ನನ್ನನ್ನು ಊರಿನ ಡೆಂಟಲ್ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಗುಳಿ ತೊಳೆದು, ಲವಂಗದ ವಾಸನೆ ಬರುವ ಕಂದು ಬಣ್ಣದ ಮದ್ದನ್ನು ಇಕ್ಕಳದ ತುದಿಯಲ್ಲಿ ಹಿಡಿದು ಒಳಗೆ ತುಂಬಿದರು. ಮೆಟ್ಟಿಲು ಇಳಿದು ಗಾಡಿ ಹತ್ತಿರ ಬರುವಷ್ಟರಲ್ಲಿ ಸಿಡಿತ ನಿಂತಿತ್ತು. ಇಷ್ಟು ಸಣ್ಣ ಕೆಲಸ. ಡ್ರೈ ಸಾಕೆಟ್ ಆದವರು ಮಾತ್ರೆ ಮೇಲೆ ಮಾತ್ರೆ ನುಂಗುತ್ತಾ ಮನೆಯಲ್ಲಿ ಕೂರಬೇಡಿ, ಮದ್ದು ಹಾಕಿಸಿಕೊಳ್ಳಿ.

ಎಡಗಡೆಯ ಹಲ್ಲೂ ಅಡ್ಡವೇ ಮಲಗಿತ್ತು. ಅದನ್ನು ತೆಗೆಸಿದ್ದು ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ (ಹಲ್ಲಿನ ಡಾಕ್ಟರುಗಳ ಸ್ನಾತಕೋತ್ತರ ಪದವಿ) ಮಾಡಿದ ಸರ್ಜನ್ ಹತ್ತಿರ. ವ್ಯತ್ಯಾಸ ಎಲ್ಲಿತ್ತು ಅಂತ ಹೇಳುತ್ತೇನೆ, ನೀವು ಹೋದ ಕಡೆ ಇದು ಇದೆಯಾ ನೋಡಿಕೊಳ್ಳಿ.

ಅವರು ಮೊದಲು ಒಪಿಜಿ ತೆಗೆಸಿದರು. ಎರಡೂ ದವಡೆ ಒಂದೇ ಚಿತ್ರದಲ್ಲಿ ಕಾಣುವ ದೊಡ್ಡ ಎಕ್ಸ್‌ರೇ ಅದು. ಕೆಳಗಿನ ದವಡೆಯ ಒಳಗೆ ತುಟಿಗೆ ಸ್ಪರ್ಶ ಕೊಡುವ ನರ ಹರಿಯುತ್ತದೆ. ಹಲ್ಲಿನ ಬೇರು ಅದಕ್ಕೆ ಎಷ್ಟು ಹತ್ತಿರ ಇದೆ ಅಂತ ಬೆರಳಿಟ್ಟು ತೋರಿಸಿದರು. ಕೆಲವರಿಗೆ ತುಟಿ ಜೋಮು ಹಿಡಿದಂತೆ ಉಳಿಯಬಹುದು, ಹೆಚ್ಚಿನವರಿಗೆ ಅದು ಹೋಗುತ್ತದೆ, ಅಪರೂಪಕ್ಕೆ ಉಳಿದುಬಿಡುವುದೂ ಇದೆ ಅಂತ ಮುಚ್ಚಿಡದೆ ಹೇಳಿದರು. ವಿಚಿತ್ರ ಅಂದರೆ ಅಪಾಯದ ಮಾತು ಕೇಳಿ ನನ್ನ ಭಯ ಜಾಸ್ತಿ ಆಗಲಿಲ್ಲ, ಕಡಿಮೆ ಆಯಿತು. ಈ ಮನುಷ್ಯ ಏನನ್ನೂ ಮುಚ್ಚಿಡುವುದಿಲ್ಲ ಅನ್ನಿಸಿತು.

ಹಿಂದಿನ ಅನುಭವ ಹೇಳಿದೆ. ನಗಲಿಲ್ಲ. ‘ನಿಮ್ಮ ಎಡಗೈ ಫ್ರೀ ಇರುತ್ತೆ. ಎತ್ತಿದ್ರೆ ನಾನು ನಿಲ್ಲಿಸ್ತೀನಿ, ಕಾರಣ ಕೇಳಲ್ಲ’ ಅಂದರು. ಇಂಜೆಕ್ಷನ್ನಿಗೆ ಮುಂಚೆ ವಸಡಿಗೆ ಜೆಲ್ ಹಚ್ಚಿದರು. ಸೂಜಿಯ ಮದ್ದನ್ನು ಬಹಳ ನಿಧಾನ ಬಿಟ್ಟರು. ಆಮೇಲೆ ಕೈ ಕಟ್ಟಿ ಕೂತು, ಊರು ಯಾವುದು, ಮಳೆ ಹೇಗೆ ಅಂತ ಮಾತಾಡಿದರು. ಕೆಳತುಟಿ ನಡುಗೆರೆಯವರೆಗೆ, ನಾಲಿಗೆಯ ಎಡಭಾಗ ಪೂರ್ತಿ ದಪ್ಪ ಆದ ಹಾಗೆ ಅನ್ನಿಸಿದ ಮೇಲೆ ಚೂಪು ಕಡ್ಡಿಯಿಂದ ವಸಡು ಚುಚ್ಚಿ ಕೇಳಿದರು: ‘ಚೂಪಾ, ಒತ್ತಿದ ಹಾಗಾ?’ ಕೆನ್ನೆ ಕಡೆ ಇನ್ನೂ ಚೂಪು ಇತ್ತು. ಅಲ್ಲಿಗೆ ಇನ್ನೊಂದು ಸೂಜಿ. ಮತ್ತೆ ಕಾಯುವುದು.

ಕೆಲಸದ ಮಧ್ಯೆ ಕೈ ಎತ್ತಿದೆ. ನಿಜ ಹೇಳಬೇಕೆಂದರೆ ನೋವಿಗಲ್ಲ, ನಿಲ್ಲಿಸುತ್ತಾರಾ ನೋಡೋಣ ಅಂತ. ಡ್ರಿಲ್ ತಕ್ಷಣ ನಿಂತಿತು. ಅಲ್ಲಿಂದ ಮುಂದೆ ಕೈ ಎತ್ತಬೇಕು ಅನ್ನಿಸಲೇ ಇಲ್ಲ. ಹಲ್ಲಿನ ಭಯ ಬರೀ ಸೂಜಿಯ ಭಯ ಅಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ. ಬಾಯಿ ಅವರ ಕೈಯಲ್ಲಿ, ಮಾತಾಡುವ ಹಾಗಿಲ್ಲ, ಏನಾಗುತ್ತಿದೆ ಕಾಣುವುದಿಲ್ಲ. ಆ ನಿಸ್ಸಹಾಯಕತೆಯೇ ಮುಕ್ಕಾಲು ಪಾಲು.

ನನಗೆ ಉಪಯೋಗ ಆದ ಇನ್ನು ಕೆಲವು: ಬೆಳಗಿನ ಅಪಾಯಿಂಟ್‌ಮೆಂಟ್, ದಿನವಿಡೀ ನೆನೆಸಿಕೊಂಡು ಕೂರುವ ಕಷ್ಟ ಇರುವುದಿಲ್ಲ. ಬರೀ ಜಾಗ ಮರಗಟ್ಟಿಸಿ ಕೀಳುವುದಾದರೆ ಹೊಟ್ಟೆ ಖಾಲಿ ಬಿಟ್ಟು ಹೋಗಬೇಡಿ, ತಲೆ ಸುತ್ತುತ್ತದೆ. ಎರಡು ಇಡ್ಲಿ ತಿಂದು ಹೋಗಿ. ನಿದ್ದೆ ಬರಿಸುವ ಔಷಧಿ ಕೊಡುವುದಾದರೆ ಮಾತ್ರ ಉಪವಾಸದ ನಿಯಮ ಬೇರೆ, ಅವರನ್ನೇ ಕೇಳಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಡ್ರಿಲ್ಲಿನ ಸದ್ದು ಪೂರ್ತಿ ಹೋಗುವುದಿಲ್ಲ, ಆದರೂ ಮನಸ್ಸು ಆಚೆ ಹೋಗುತ್ತದೆ. ಉಸಿರು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡಿ. ತುಂಬಾ ಭಯ ಇರುವವರಿಗೆ ಕೆಲವು ಕಡೆ ನೈಟ್ರಸ್ ಆಕ್ಸೈಡ್ ಗ್ಯಾಸ್ ಅಥವಾ ಡಾಕ್ಟರೇ ಬರೆದುಕೊಡುವ ಭಯ ಇಳಿಸುವ ಮಾತ್ರೆ ಇರುತ್ತದೆ. ಕೇಳಲು ನಾಚಿಕೆ ಬೇಡ. ಯಾರದ್ದೋ ಮಾತ್ರೆ ಇಸಿದುಕೊಂಡು ಮಾತ್ರ ನುಂಗಬೇಡಿ.

ಮನೆಗೆ ಬಂದ ಮೇಲೆ ಮರಗಟ್ಟಿದ್ದು ಬಿಡುವ ಮುಂಚೆಯೇ ಬರೆದುಕೊಟ್ಟ ನೋವಿನ ಮಾತ್ರೆ ತೆಗೆದುಕೊಳ್ಳಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಬುದ್ಧಿ ಹಲ್ಲಿನ ನೋವಿಗೆ ಬರೀ ಪ್ಯಾರಾಸಿಟಮಾಲ್‌ಗಿಂತ ಐಬುಪ್ರೊಫೆನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೊಟ್ಟೆ ಹುಣ್ಣು, ಅಸ್ತಮಾ, ಕಿಡ್ನಿ ತೊಂದರೆ ಇದ್ದವರು, ಬಸುರಿಯರು ಡಾಕ್ಟರಿಗೆ ಮೊದಲೇ ಹೇಳಬೇಕು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರೂ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಮೆಟ್ರೊನಿಡಜೋಲ್ ಅನ್ನುವ ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಮದ್ಯ ಕುಡಿಯುವಂತಿಲ್ಲ. ಹಲ್ಲು ನೋವಿಗೆ ವಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳುವ ಹಳೇ ಚಾಳಿ ನಮ್ಮ ಕಡೆ ಇನ್ನೂ ಇದೆ. ಅದು ವಸಡನ್ನು ಸುಡುತ್ತದೆ, ಬಿಳಿ ಚರ್ಮ ಎದ್ದು ಬರುತ್ತದೆ.

ಊಟ ಅಂದರೆ ಮೊಸರನ್ನ, ತಣ್ಣಗಾದ ಗಂಜಿ, ಮೆತ್ತಗಿನ ಇಡ್ಲಿ. ಮೊದಲ ದಿನ ಕೆನ್ನೆಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಐಸ್. ಊತ ಎರಡು ಮೂರನೇ ದಿನಕ್ಕೆ ಜಾಸ್ತಿ ಆಗಿ ಆಮೇಲೆ ಇಳಿಯುತ್ತದೆ, ಕನ್ನಡಿ ನೋಡಿ ಗಾಬರಿ ಆಗಬೇಡಿ. ದಾವಣಗೆರೆಯವರಿಗೆ ವಿಶೇಷ ಸೂಚನೆ: ಮಂಡಕ್ಕಿ ಮಿರ್ಚಿ ಸದ್ಯಕ್ಕೆ ಮರೆತುಬಿಡಿ. ಮಂಡಕ್ಕಿ ಗುಳಿಯೊಳಗೆ ಹೋದರೆ ಈಚೆ ಬರುವುದಿಲ್ಲ. ನಮ್ಮ ಮಾವ ಹಲ್ಲು ಕೀಳಿಸಿ ಎದ್ದವರೇ ಕೇಳಿದ ಮೊದಲ ಪ್ರಶ್ನೆ ‘ಎಲೆ ಅಡಿಕೆ ಯಾವಾಗ ಹಾಕಬಹುದು?’ ಎಲೆ ಅಡಿಕೆ, ಗುಟ್ಕಾ, ಬೀಡಿ ಯಾವುದೂ ಗಾಯ ಮಾಯುವ ತನಕ ಬೇಡ.

ಹಲ್ಲು ಕಿತ್ತರೆ ಕಣ್ಣು ಮಂದ ಆಗುತ್ತದೆ ಅಂತ ಅಜ್ಜಿಯರು ಹೆದರಿಸುತ್ತಾರೆ. ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಆ ಚಿಂತೆ ಬಿಡಿ. ಚಿಂತೆ ಮಾಡಬೇಕಾದ್ದು ಇವಕ್ಕೆ: ನುಂಗಲು ಅಥವಾ ಉಸಿರಾಡಲು ಕಷ್ಟ, ಗದ್ದದ ಕೆಳಗೆ ಗಟ್ಟಿಯಾಗಿ ಊದುವುದು, ಚಳಿ ಜ್ವರ, ಹತ್ತಿ ಬಟ್ಟೆ ಗಟ್ಟಿಯಾಗಿ ಕಚ್ಚಿ ಹಿಡಿದರೂ ನಿಲ್ಲದ ರಕ್ತ. ಇವು ಇದ್ದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ದೊಡ್ಡ ಆಸ್ಪತ್ರೆಗೆ ಹೋಗಿ. ಮಾರನೇ ದಿನವೂ ತುಟಿ ಮರಗಟ್ಟಿಯೇ ಇದ್ದರೆ ಕಿತ್ತ ಡಾಕ್ಟರಿಗೆ ತಿಳಿಸಿ.

ದುಡ್ಡಿನ ವಿಷಯಕ್ಕೆ ಬಂದರೆ, ಖಾಸಗಿ ಕ್ಲಿನಿಕ್ಕಿಗೆ ಹೋಲಿಸಿದರೆ ಡೆಂಟಲ್ ಕಾಲೇಜುಗಳಲ್ಲಿ ಖರ್ಚು ಬಹಳ ಕಡಿಮೆ. ದಾವಣಗೆರೆಯಲ್ಲೇ ಎರಡು ಕಾಲೇಜಿವೆ, ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜಿದೆ, ಮಂಗಳೂರು, ಧಾರವಾಡ, ಮಣಿಪಾಲದಲ್ಲೂ ಇವೆ. ಕಲಿಯುವ ಹುಡುಗರು ಕೈ ಹಾಕುತ್ತಾರೆ ಅನ್ನುವ ಅಳುಕು ಇದ್ದರೆ, ಅಡ್ಡ ಮಲಗಿದ ಹಲ್ಲನ್ನು ಯಾರು ತೆಗೆಯುತ್ತಾರೆ, ಸೀನಿಯರ್ ಪಕ್ಕದಲ್ಲಿ ಇರುತ್ತಾರಾ ಅಂತ ನೇರವಾಗಿ ಕೇಳಿ. ಸಮಯ ಮಾತ್ರ ಹಿಡಿಯುತ್ತದೆ, ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ.

ಇನ್ನು, ‘ಹೇಗೂ ಬಂದಿದ್ದೀರಿ, ನಾಲ್ಕೂ ತೆಗೆದುಬಿಡೋಣ’ ಅಂತ ಪ್ಯಾಕೇಜ್ ಹೇಳುವವರು ಇದ್ದಾರೆ. ನನ್ನ ಮೊದಲ ಕ್ಲಿನಿಕ್ಕಿನವರೂ ಹೇಳಿದ್ದರು. ತೊಂದರೆ ಕೊಡದ ಬುದ್ಧಿ ಹಲ್ಲನ್ನು ಮುಂಜಾಗ್ರತೆಗೆ ಅಂತ ಕೀಳಬೇಡಿ ಅಂತ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2000ದಲ್ಲೇ ಅಲ್ಲಿನ ಡಾಕ್ಟರುಗಳಿಗೆ ಹೇಳಿದೆ. ಎಡಗಡೆ ತೆಗೆದ ಸರ್ಜನ್ ನನ್ನ ಮೇಲಿನ ಎರಡನ್ನೂ ಕನ್ನಡಿ ಹಿಡಿದು ನೋಡಿ, ನೆಟ್ಟಗೆ ಬಂದಿವೆ, ಬ್ರಷ್ ತಲುಪುತ್ತಿದೆ, ಕೀಳುವುದು ಬೇಡ ಅಂದರು. ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಿ ಅಂತ ಚೀಟಿಯಲ್ಲಿ ಬರೆದುಕೊಟ್ಟರು.