ಹಲಗೆ, ಸಿಮೆಂಟ್ ಬ್ಲಾಕ್, ಬರೀ ಮಣ್ಣು: ನಮ್ಮ ಹಿತ್ತಲಿನ ಮೂರು ಏರು ಮಡಿಗಳು

ಮೂಡಿಗೆರೆಯಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದರೆ ಸಮತಟ್ಟಾದ ಹಿತ್ತಲಿನಲ್ಲಿ ತರಕಾರಿಯ ಆಸೆ ಬಿಡಬೇಕು. ನೀರು ನಿಂತು ಬೇರು ಕೊಳೆಯುತ್ತದೆ. ಹಾಗಾಗಿ ಎರಡು ವರ್ಷಗಳ ಹಿಂದೆ ಅಕ್ಕಪಕ್ಕದಲ್ಲೇ ಮೂರು ಏರು ಮಡಿ, ಅಂದರೆ ನೆಲಕ್ಕಿಂತ ಎತ್ತರಿಸಿದ ಪಾತಿ, ಕಟ್ಟಿದೆ. ಮೂರೂ 8 ಅಡಿ ಉದ್ದ, 3 ಅಡಿ ಅಗಲ. ಅಗಲ ಹೆಚ್ಚಾದರೆ ನಡುವಿನ ಕಳೆ ಕೀಳಲು ಮಡಿಯನ್ನೇ ತುಳಿಯಬೇಕಾಗುತ್ತದೆ. ತುಂಬಿದ್ದೂ ಒಂದೇ ಮಿಶ್ರಣ: ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಚೆನ್ನಾಗಿ ಕಳಿತ ಕಾಫಿ ಸಿಪ್ಪೆ. ನಮ್ಮದು ಹುಳಿ ಮಣ್ಣಾದ್ದರಿಂದ ಮೂರಕ್ಕೂ ಕೃಷಿ ಸುಣ್ಣ ಬೆರೆಸಿದೆ.

ಮೊದಲನೆಯದಕ್ಕೆ ಸಿಲ್ವರ್ ಓಕ್ ಹಲಗೆ. ತೋಟದಲ್ಲೇ ಕಡಿದ ಮರ, ಕೊಯ್ಸಿದ ಕೂಲಿ ಮಾತ್ರ ಖರ್ಚು. ನೋಡಲು ಇದರಷ್ಟು ಚೆಂದದ ಮಡಿ ಬೇರೆ ಇರಲಿಲ್ಲ. ಎರಡನೆಯ ಮಳೆಗಾಲಕ್ಕೆ ಮಣ್ಣಿಗೆ ತಾಗಿದ ಅಂಚನ್ನು ಗೆದ್ದಲು ತಿಂದು, ಉಳಿದದ್ದು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಹಲಗೆಯ ಸಂದಿನಲ್ಲಿ ಹಗಲೆಲ್ಲ ಅಡಗಿದ್ದ ಬಸವನಹುಳುಗಳು ರಾತ್ರಿ ಬೀನ್ಸ್ ಮೊಳಕೆಗಳನ್ನು ಬೋಳಾಗಿಸಿದವು. ವಾಹನದ ಹಳೆಯ ಎಣ್ಣೆ ಬಳಿಯಿರಿ ಎಂದವರಿದ್ದರು. ತಿನ್ನುವ ಸೊಪ್ಪಿನ ಪಕ್ಕದಲ್ಲಿ ಅದನ್ನು ನಾನು ಬಳಿಯಲಾರೆ.

ಎರಡನೆಯದು ಸಿಮೆಂಟ್ ಬ್ಲಾಕ್. ಒಂದು ವರಸೆಗೆ 18 ಬೇಕಾದವು, ಎರಡು ವರಸೆ ಇಟ್ಟೆ. ಗಾರೆ ಹಾಕಲಿಲ್ಲ, ಸಂದಿನಿಂದ ನೀರು ಬಸಿಯಲಿ ಎಂದು. ಜುಲೈನಲ್ಲಿ ಅಲುಗಾಡದೆ ನಿಂತದ್ದು ಇದೊಂದೇ. ಮೂರೂ ಮಡಿಗಳಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ತಳಿಯ ಟೊಮೆಟೊ ನೆಟ್ಟಿದ್ದೆ. ಬೇರು ಗಟ್ಟಿಯಾಗಿ ಬೆಳೆದದ್ದು ಇಲ್ಲಿಯೇ. ಆದರೆ ಎತ್ತರದ ಮಡಿ ಬೇರನ್ನು ಕಾಯುತ್ತದೆ, ಎಲೆಯನ್ನಲ್ಲ. ಎಡೆಬಿಡದ ಮಳೆಗೆ ಎಲೆ ಕಪ್ಪಾಗುವುದು ಮೂರರಲ್ಲೂ ತಪ್ಪಲಿಲ್ಲ, ಕೊನೆಗೆ ಬಿದಿರಿನ ಗಳ ನೆಟ್ಟು ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕಾಯಿತು. ಮಾರ್ಚ್ ಬಂದಾಗ ಇದೇ ಮಡಿಯ ಸಂಕಟ ತಿಳಿಯಿತು. ಬ್ಲಾಕ್ ಕಾದು, ಅಂಚಿನ ಒಂದು ಗೇಣು ಮಣ್ಣು ಬೂದಿಯಂತೆ ಒಣಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬರುವವರೆಗೆ ದಿನಕ್ಕೆ ಎರಡು ಬಾರಿ ನೀರು ಹಾಕಿದೆ.

ಮೂರನೆಯದಕ್ಕೆ ಅಂಚೇ ಇಲ್ಲ, ಇಳಿಜಾರಾಗಿ ಏರಿಸಿದ ಮಣ್ಣು ಅಷ್ಟೆ. "ಸುತ್ತ ಚರಂಡಿ ತೆಗೆಯದಿದ್ದರೆ ಎಷ್ಟು ಎತ್ತರ ಮಾಡಿದರೂ ವ್ಯರ್ಥ ಕಣಮ್ಮಾ" ಎಂದು ಅತ್ತೆ ಹೇಳಿದ್ದರು. ಮೊದಲ ವರ್ಷ ಆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ, ಅರ್ಧ ಮಡಿ ಕರಗಿ ಹೋಯಿತು. ಎರಡನೆಯ ವರ್ಷ ಗೇಣುದ್ದ ಆಳದ ಚರಂಡಿ ತೋಡಿ, ಇಳಿಜಾರಿಗೆ ತರಗೆಲೆ ಹೊದಿಸಿದೆ. ಒಂದೆರಡು ಕಡೆ ಜರಿದದ್ದನ್ನು ಸನಿಕೆಯಿಂದ ಎಳೆದು ಮೆತ್ತಿದೆ, ಉಳಿದದ್ದು ಉಳಿಯಿತು. ಬೇಸಿಗೆಯಲ್ಲಿ ಬ್ಲಾಕ್ ಮಡಿಯ ಅರ್ಧದಷ್ಟು ನೀರೂ ಇದಕ್ಕೆ ಬೇಕಾಗಲಿಲ್ಲ. ಹರಿವೆ, ಮೂಲಂಗಿ ಎರಡೂ ಇಲ್ಲಿಯೇ ಚೆನ್ನಾಗಿ ಬಂದವು.

ಹೊಸದಾಗಿ ಮಾಡುವವರು ಬ್ಲಾಕ್ ಕೊಳ್ಳುವ ಮೊದಲು ಮಣ್ಣಿನ ಮಡಿಯಲ್ಲಿ ಒಂದು ಮಳೆಗಾಲ ಕಳೆಯಿರಿ ಎಂದೇ ನಾನು ಹೇಳುವುದು. ನಾನು ಹಲಗೆಯ ಮಡಿ ಕಿತ್ತು, ಆ ಜಾಗದಲ್ಲೂ ಚರಂಡಿ ತೋಡಿದ್ದೇನೆ. ಬ್ಲಾಕ್ ಮಡಿ ಮಳೆಗಾಲದ ಟೊಮೆಟೊ, ಬದನೆಗೆ ಇರಲಿ. ಬೇಸಿಗೆಗೆ ಅದರ ಅಂಚಿನುದ್ದಕ್ಕೂ ಸಿಹಿಗೆಣಸಿನ ಬಳ್ಳಿ ಹಬ್ಬಿಸಿ ಬ್ಲಾಕ್‌ಗೆ ನೆರಳು ಮಾಡಲಿದ್ದೇನೆ.